ಇರುವೆ ಪುರಾಣದ ಕೊನೆಯ ಹಾಳೆ

ಇರಕಲ್ಲಗಡ
ಮಂಗಳವಾರ, ತಾ. ೨೩-೮-೧೯೩೮

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ನನ್ನ ಅಕ್ಷರ ಓರೆಕೋರೆ, ತಪ್ಪುಗಳೂ ಇರುತ್ತವೆ. ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ನಿನ್ನ ಕಣ್ಣಿಗೆ ಮೊದಲು ಕಾಣುವುದು ತಪ್ಪೇ ಎಂದು ಗೊತ್ತು. ನಾಲ್ಕನೆಯ ತರಗತಿಗೇ ಸಾಲಿ ಬಿಟ್ಟವಳೆಂದು ಸೈರಿಸಿಕೋ. ನಿನ್ನ ಕೆಮ್ಮು ಹೇಗಿದೆ? ಗದಗಿನ ಖಾನಾವಳಿಯ ಊಟ ಈಗಲಾದರೂ ಒಗ್ಗಿತೇ? ಅವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಗಾಡಿಯ ಜಿಲಾನಸಾಬ ಅಲ್ಲಿಯ ಹತ್ತಿಪೇಟೆಗೆ ಬರುವಾಗ ತರುತ್ತಾನೆ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮೊಣಕಾಲು ನೋವು ಇಳಿದಿದೆ.

ಮಕ್ಕಳಿಗಾಗಿ ಬರೆದ ಇರುವೆಯ ಪುಸ್ತಕವನ್ನು ನೀನು ಕಳಿಸಿದೆಯಲ್ಲ, ಅದರ ಸಂಗತಿ ಹೇಳಬೇಕು. ಪುಸ್ತಕವೆಂದ ಮೇಲೆ ಪುರಾಣವೇ ಎಂದು ಅವ್ವ ಅದಕ್ಕೆ ವಿಭೂತಿ ಹಚ್ಚಿ ಜಗಲಿಯ ಮೇಲಿಟ್ಟಳು. ಪ್ರತಿ ಶ್ರಾವಣ ಪುರಾಣ ಓದುವ ದೊಡ್ಡಬಸಪ್ಪಜ್ಜನಿಗೆ ಈ ವರ್ಷ ಕಣ್ಣು ಮಂಜು. ಓಣಿಯ ಹೆಂಗಸರು ಬಂದು, "ನಿಮ್ಮ ಮನ್ಯಾಗ ಹೊಸಾ ಪುಸ್ತಕ ಐತಂತಲ್ಲ, ಅದನ್ನ ಓದಾಕ ಹಚ್ರಿ" ಎಂದರು. ಅದು ಬರೀ ಇರುವೆಯ ವಿಷಯ ಎಂದೆ. "ಇರುವಿನೂ ಶಿವಾನ ಮಾಡ್ಯಾನ, ಓದು" ಎಂದು ಅಜ್ಜ ನನ್ನನ್ನೇ ಕೂಡಿಸಿದ. ಮೊದಲ ದಿನ ತಲೆ ಎತ್ತದೆ ಓದಿದೆ. ರಾಣಿ ಇರುವೆ ಗೂಡು ಬಿಟ್ಟು ಕದಲುವುದಿಲ್ಲ, ದುಡಿಯುವವೆಲ್ಲ ಹೆಣ್ಣೇ ಎಂಬಲ್ಲಿಗೆ ಬಂದಾಗ ಶಂಕ್ರಮ್ಮ ಚಿಗವ್ವ ತನ್ನ ಅತ್ತೆಯಾದ ನಮ್ಮ ಆಯಿಯ ಕಡೆ ನೋಡಿ, "ನಮ್ಮತ್ತಿ ಸುದ್ದಿ ಪುಸ್ತಕದಾಗ ಹ್ಯಾಂಗ ಬಂತು?" ಎಂದಳು. ಆಯಿ ಸಿಟ್ಟಾಗಲಿಲ್ಲ. "ರಾಣಿ ಅಂದಿಯಲ್ಲ, ಅಷ್ಟ ಸಾಕು ಬಿಡು" ಎಂದಳು. ಆಮೇಲೆ ನನ್ನ ಹೆದರಿಕೆ ಸ್ವಲ್ಪ ಹೋಯಿತು.

ಆದರೆ ಅಣ್ಣಾ, ಆ ಪುಸ್ತಕಕ್ಕೆ ಕೊನೆಯ ಹಾಳೆಗಳಿಲ್ಲ. ಹೊಲಿಗೆಯಲ್ಲಿ ಬಿಟ್ಟುಹೋಗಿರಬೇಕು. ಶುಕ್ರವಾರ "ಮಳೆ ನಿಂತ ಮೇಲೆ ಇರುವೆಗಳು ತಮ್ಮ ಕಾಳನ್ನು" ಎಂಬಲ್ಲಿಗೆ ಓದು ನಿಂತಿತು. ಸೋಮವಾರ ಓದು ಮುಗಿಸುವ ಮಂಗಲ. ಹಚ್ಚಿದ್ದನ್ನು ಅರ್ಧಕ್ಕೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲವೆಂದು ಅವ್ವ ಮುಖ ಸಣ್ಣ ಮಾಡಿದಳು. ಅಜ್ಜ, "ಪುರಾಣದಾಗ ಗೆದ್ದಲ ತಿಂದ ಕಡೆ ನಾನೂ ನಾಕು ಮಾತು ಕೂಡಿಸಿ ಓದೇನಿ, ನೀನೂ ಕೂಡಸು" ಎಂದ. ನನಗೆ ಒಪ್ಪಲಾಗಲಿಲ್ಲ. ಹುಡುಗರು ದಿನಾಲೂ ಓದು ಮುಗಿದ ಕೂಡಲೇ ಹಿತ್ತಲಿಗೆ ಓಡಿ, ಕೇಳಿದ್ದು ಖರೇನೋ ಎಂದು ಇರುವೆಗಳನ್ನು ನೋಡುತ್ತಿದ್ದರು. ಸುಳ್ಳು ಓದಿದರೆ ಮರುದಿನವೇ ಇಡೀ ಪುಸ್ತಕ ಸುಳ್ಳಾಗುತ್ತದೆ. ಅಷ್ಟು ಜನರೆದುರು ನಾನು, "ಪುರಾಣಕ್ಕಾದ್ರ ನಡೀತೈತಿ ಅಜ್ಜಾ, ಇರುವಿ ಹಿತ್ತಲದಾಗ ಅದಾವ" ಎಂದುಬಿಟ್ಟೆ. ಅಜ್ಜ ನಕ್ಕು, "ಹಂಗಾರ ಅವನ್ನ ಕೇಳಿ ಬಾ" ಎಂದ.

ಶನಿವಾರ ಪೂರ್ತಿ ಮಳೆ. ಭಾನುವಾರ ಬಿಸಿಲು ಬಿದ್ದಾಗ ನಾನೂ ಪಕ್ಕದ ಮನೆಯ ಹುಡುಗಿ ಹಂಪವ್ವನೂ ಗೂಡಿನ ಹತ್ತಿರ ಕುಳಿತೆವು. ಇರುವೆಗಳು ನವಣೆ ಕಾಳು, ಹುಲ್ಲಿನ ಬೀಜ ಹೊತ್ತು ತಂದು ಹೊರಗೆ ಹಾಕುತ್ತಿದ್ದವು. "ಕೆಟ್ಟಾವಂತ ಚೆಲ್ಲಾಕತ್ತಾವ, ಮುಗೀತು ಏಳಕ್ಕಾ" ಎಂದಳು ಹಂಪವ್ವ. ನಾನೂ ಕೊನೆಯ ಹಾಳೆಯನ್ನು ಹಾಗೆಯೇ ಬರೆದು ಮುಗಿಸಿಬಿಡುತ್ತಿದ್ದೆನೇನೋ. ಆದರೆ ಚೆಲ್ಲುವವು ಅಷ್ಟು ಬಿಡಿಬಿಡಿಯಾಗಿ ಯಾಕೆ ಹರಡುತ್ತವೆ ಎನ್ನಿಸಿ ಕುಳಿತೇ ಇದ್ದೆ. ಹೊತ್ತು ಇಳಿದಾಗ ಅವೇ ಕಾಳುಗಳನ್ನು ಒಳಗೆ ಒಯ್ದವು. ಅಷ್ಟನ್ನೇ ಬರೆದು, ಇದು ಅಚ್ಚಿನದಲ್ಲ, ನಾನು ಕಂಡದ್ದು ಎಂದು ಮೊದಲೇ ಹೇಳಿ ಸೋಮವಾರ ಓದಿದೆ. "ನಾವು ಮಾಳಿಗಿ ಮ್ಯಾಲ ಜ್ವಾಳ ಒಣಗಿಸಿದಂಗ ಆತಲ್ಲವಾ" ಎಂದು ಚಿಗವ್ವ ಬೆರಗಾದಳು. ಮಂಗಲವಾಯಿತು, ಸಕ್ಕರೆ ಹಂಚಿದೆವು.

ಅಪ್ಪ ಅವ್ವ ಆಶೀರ್ವಾದ ತಿಳಿಸಿದ್ದಾರೆ. ಥಂಡಿಯಲ್ಲಿ ಕಿವಿ ಕಟ್ಟಿಕೊಂಡು ತಿರುಗಾಡು.

ನಿನ್ನ ತಂಗಿ
ಶಿವಬಸಮ್ಮ

ತಾ.ಕ.: ಬರೆಯಬೇಕಾದ ಮಾತೇ ಉಳಿಯಿತು. ಛಾಪಖಾನೆಯಲ್ಲಿ ಆ ಕೊನೆಯ ಹಾಳೆಗಳು ಸಿಕ್ಕರೆ ಕಳಿಸು. ಅದರಲ್ಲಿ ಬೇರೆ ಇದ್ದರೆ ನನಗೆ ನೋವಾದೀತೆಂದು ಮುಚ್ಚಿಡಬೇಡ, ಎಲ್ಲರನ್ನೂ ಮತ್ತೆ ಕರೆದು ಓದುತ್ತೇನೆ. ಇಂದು ಬೆಳಿಗ್ಗೆ ನನ್ನ ಹಾಳೆಯನ್ನು ಕೌದಿಯ ದಾರದಿಂದ ಪುಸ್ತಕಕ್ಕೆ ಹೊಲಿದೆ. ಬಿಚ್ಚಲು ಬರುವಂತೆ ಸಡಿಲಾಗಿಯೇ ಹೊಲಿದಿದ್ದೇನೆ.