ಕುಟುಂಬ ಪುಸ್ತಕದ ನಾಲ್ಕನೆಯ ಹೆಸರು

ತುಂಗ್‌ಶಿ, ತೈವಾನ್
೧೦ ಮಾರ್ಚ್ ೨೦೧೯

ನನ್ನ ಯಿ-ರೊ,

ಕೋಪ ಇದ್ದರೆ ಇರಲಿ, ಕೂತು ಓದು. ಎಂಟು ತಿಂಗಳ ಬಸುರಿ ನಿಂತುಕೊಂಡು ಓದುವಂಥ ಪತ್ರ ಅಲ್ಲ ಇದು.

ನೀನು ನನ್ನ ಫೋನ್ ಎತ್ತದೆ ಇಂದಿಗೆ ಹತ್ತೊಂಬತ್ತು ದಿನ. “ಮಗಳ ಬಾಣಂತನಕ್ಕಿಂತ ನಿನ್ನಣ್ಣನ ಮನೆ ಸಿಂಪಿ ಹೆಚ್ಚಾಯ್ತಲ್ವಾಮ್ಮ ನಿಂಗೆ?” ಅಂದು ಇಟ್ಟೆಯಲ್ಲ, ಆಮೇಲೆ ಇಲ್ಲ. ನೀನು ಅಂದದ್ದರಲ್ಲಿ ತಪ್ಪೇನೂ ಇಲ್ಲ. ಕಡಲ ಚಿಪ್ಪು ಒಡೆದು ಸಿಂಪಿಯ ಮಾಂಸ ಬಿಡಿಸುವ ಕಾಲ, ಕೈ ಸಾಲದು, ಅದಕ್ಕೇ ಪರಾಗ್ವೆಗೆ ಬರಲಾರೆ ಎಂದು ನಾನೇ ಹೇಳಿದ್ದೆ. ಅದು ಸುಳ್ಳು. ನಿಜ ಹೇಳಲು ಹೊರಟರೆ ಫೋನಿನಲ್ಲಿ ಅಳು ಬರುತ್ತದೆ, ಅದಕ್ಕೇ ಕಾಗದ.

ನನ್ನ ಎರಡು ಮೂತ್ರಪಿಂಡಗಳೂ ಕೈ ಕೊಡುತ್ತಿವೆ. ಹೋದ ಸೆಪ್ಟೆಂಬರಿನಲ್ಲಿ ಸಕ್ಕರೆ ಕಾಯಿಲೆ ಮಾತ್ರೆಗೆಂದು ಹೋದೆನಲ್ಲ, ಅವತ್ತೇ ಪರಾಗ್ವೆಯ ಡಾಕ್ಟರು ಹೇಳಿದರು: ಇನ್ನೊಂದು ವರ್ಷದೊಳಗೆ ಡಯಾಲಿಸಿಸ್, ವಾರಕ್ಕೆ ಮೂರು ಸಲ, ಬದುಕಿರುವ ತನಕ. ಅಲ್ಲಿ ಮಾಡಿಸಿಕೊಂಡರೆ ನಿಮ್ಮ ಅಂಗಡಿಯೇ ಕರಗಿಹೋಗುತ್ತದೆ. ಇಲ್ಲಿ ಸರ್ಕಾರದ ಆರೋಗ್ಯ ಕಾರ್ಡ್ ಕೈಯಲ್ಲಿದ್ದರೆ ಆ ಚಿಂತೆ ಇಲ್ಲ. ಆದ್ದರಿಂದ ತವರು ನೆನಪಾಯಿತು ಎಂದು ಹೇಳಿ ಹೊರಟುಬಂದೆ. ನೀನು ಅಳಿಯನ ಮೇಲೆ ಮುನಿಸು ಎಂದುಕೊಂಡೆ. ಆ ಪಾಪದ ಹುಡುಗನ ಮೇಲೆ ನನಗೆ ಯಾವ ಮುನಿಸೂ ಇಲ್ಲ ಎಂದು ಅವನಿಗೆ ಹೇಳು.

ಬಂದು ನೋಡಿದರೆ ಇಲ್ಲಿಯ ಸರ್ಕಾರಿ ದಾಖಲೆಯಲ್ಲಿ ನನ್ನ ಹೆಸರೇ ಇಲ್ಲ. ಇಪ್ಪತ್ತೊಂದು ವರ್ಷ ಹೊರಗಿದ್ದವಳು. ಎರಡು ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗಿದ್ದರೂ ಹೆಸರು ಉಳಿಯುತ್ತಿತ್ತಂತೆ. ನಿನ್ನಪ್ಪ ಇದ್ದಾಗ ಅಂಗಡಿ ಬಿಡಲಾಗಲಿಲ್ಲ, ಹೋದ ಮೇಲೆ ನಿನ್ನನ್ನು ಬಿಡಲಾಗಲಿಲ್ಲ. ಈಗ ಯಾರದಾದರೂ ಮನೆಮಂದಿಯ ಹೆಸರು ಬರೆದ ಕುಟುಂಬ ಪುಸ್ತಕದಲ್ಲಿ ಸೇರಿಕೊಳ್ಳಬೇಕು, ಸೇರಿದ ದಿನದಿಂದ ಆರು ತಿಂಗಳು ಇಲ್ಲೇ ಇರಬೇಕು, ಆಮೇಲೆ ಕಾರ್ಡ್.

ಅಣ್ಣ ಮಿಂಗ್-ತಾಂಗ್ ಕೂಡಲೇ ಹೂಂ ಅಂದ. ಆದರೆ ಸಹಿಯ ಬದಲು ಒತ್ತುವ ಅವನ ಮುದ್ರೆಯೂ ಕುಟುಂಬ ಪುಸ್ತಕವೂ ಅತ್ತಿಗೆ ಚಿನ್-ಯೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತವೆ, ಬೀಗ ಇಲ್ಲದಿದ್ದರೂ ಅದನ್ನು ಮುಟ್ಟುವ ಧೈರ್ಯ ಅವನಿಗಿಲ್ಲ. ಅತ್ತಿಗೆ ಸಿಂಪಿ ಬಿಡಿಸುತ್ತಾ ತಲೆ ಎತ್ತದೆ, “ಕಾಯ್ಲೆ ಬಂದ್ಮೇಲೆ ತವರು ನೆನಪಾಯ್ತಾ? ಅತ್ತೆ ಸತ್ತಾಗ ಎಲ್ಲಿದ್ದೆ?” ಎಂದಳು. ಅಮ್ಮ ಸತ್ತಾಗ ನಾನು ಬರಲಿಲ್ಲವೆಂಬುದು ನಿನಗೂ ಗೊತ್ತು. ಮೂರು ದಿನ ಮನೆಯಲ್ಲಿ ಬರೀ ಚಾಕುವಿನ ಸದ್ದು. ನಾಲ್ಕನೆಯ ದಿನ ಬೆಳಿಗ್ಗೆ ಅವಳೇ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರ್ ಹೊರಡಿಸಿ, “ಹತ್ತು. ಕಚೇರಿ ಮುಚ್ಚೋ ತನಕ ಕಾಯ್ತೀಯಾ?” ಅಂದಳು. ನವೆಂಬರ್ ಐದರಂದು ನನ್ನ ಹೆಸರು ಪುಸ್ತಕಕ್ಕೆ ಸೇರಿತು. ಅಣ್ಣ, ಅತ್ತಿಗೆ, ಅವರ ಮಗ, ನಾಲ್ಕನೆಯವಳು ನಾನು.

ಅವಳ ಬಾಯಿ ಮೊದಲಿನಂತೆಯೇ ಇದೆ. ಆದರೆ ನನಗೆ ಬೇರೆ ಗಡಿಗೆ ಇಟ್ಟಿದ್ದಾಳೆ, ಉಪ್ಪಿಲ್ಲ, ಸೋಯಾ ಇಲ್ಲ. ಸೊಪ್ಪನ್ನು ಒಮ್ಮೆ ಕುದಿಸಿ ಆ ನೀರು ಚೆಲ್ಲಿ ಮತ್ತೆ ಬೇಯಿಸುತ್ತಾಳೆ, ಮೂತ್ರಪಿಂಡಕ್ಕೆ ಹಾಗೇ ಆಗಬೇಕಂತೆ. ನಾನೇ ಮಾಡಿಕೊಳ್ಳುತ್ತೇನೆ ಎಂದರೆ, “ನೀನು ನೀರು ಚೆಲ್ಲಲ್ಲ, ರುಚಿ ಹೋಗುತ್ತೆ ಅಂತ ಕುಡೀತೀಯ, ಗೊತ್ತು ನಂಗೆ” ಅನ್ನುತ್ತಾಳೆ. ನಿಜವಾಗಿ ಒಮ್ಮೆ ಕುಡಿದಿದ್ದೆ.

ಹೊಸ ವರ್ಷದ ಹಿಂದಿನ ಸಂಜೆಯ ಕಥೆ ಹೇಳಲೇಬೇಕು. ಕೊಟ್ಟ ಹೆಣ್ಣು ಆ ದಿನ ತವರಿನ ಊಟಕ್ಕೆ ಕೂರಬಾರದು, ಕೂತರೆ ಮನೆಗೆ ಆಗಿಬರುವುದಿಲ್ಲ. ಎರಡನೆಯ ದಿನ ಬರಬೇಕು. ಯಾರೂ ಹೇಳುವ ಮೊದಲೇ ನಾನು ಚೀಲ ತೆಗೆದುಕೊಂಡು ಸಿಂಪಿ ಕೊಟ್ಟಿಗೆಗೆ ಹೋಗಿ ಕೂತೆ. ಐವತ್ತೆಂಟು ವರ್ಷದವಳು, ಚಿಪ್ಪಿನ ರಾಶಿಯ ಪಕ್ಕ ಕೂತು ಮಗುವಿನ ಹಾಗೆ ಅತ್ತೆ. ಗಂಡನ ಮನೆಯಲ್ಲಿ ಯಾರೂ ಉಳಿದಿಲ್ಲ, ತವರಿನಲ್ಲಿ ಜಾಗ ಇಲ್ಲ, ಮಗಳು ಭೂಮಿಯ ಆಚೆ ಬದಿಯಲ್ಲಿ.

ಅತ್ತಿಗೆ ಬಂದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕುಟುಂಬ ಪುಸ್ತಕ. ನನ್ನ ಮೂಗಿನ ಕೆಳಗೆ ಪುಸ್ತಕ ಹಿಡಿದು, “ಓದೇ. ನಾಲ್ಕನೇ ಹೆಸರು ಯಾರ್ದು?” ಎಂದಳು. ನನ್ನದು ಎಂದೆ. “ಈ ಮನೆಯವಳು ಅಂತ ಸರ್ಕಾರ ಠಸ್ಸೆ ಹೊಡೆದು ಬರ್ಕೊಟ್ಟಿದೆ. ದೇವ್ರಿಗೆ ಓದೋಕೆ ಬರಲ್ವಾ? ಎದ್ದೇಳು, ಮೀನು ಆರೋಗುತ್ತೆ.” ನಾನು, ಅಪ್ಪ ಅಮ್ಮನ ಪಟಗಳು ನೋಡುತ್ತವಲ್ಲ ಎಂದೆ. “ಅವರಿಗೆ ಬೆಳಿಗ್ಗೇನೇ ಊದುಬತ್ತಿ ಹಚ್ಚಿ ಹೇಳಿಯಾಗಿದೆ. ಬೇಡ ಅನ್ನೋರು ಅವಾಗ್ಲೇ ಅನ್ನಬೇಕಿತ್ತು” ಎಂದಳು. ಹೋಗಿ ಕೂತೆ. ಉಪ್ಪಿಲ್ಲದ ಮೀನು ಅಷ್ಟು ರುಚಿಯಾಗಿದ್ದದ್ದು ಅವತ್ತೊಂದೇ ದಿನ.

ಕಾರ್ಡ್‌ಗೆ ಇನ್ನು ಐವತ್ತಾರು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೇನೆ. ಈ ಆರು ತಿಂಗಳಲ್ಲಿ ಒಂದೇ ಸಲ, ಮೂವತ್ತು ದಿನ ಮೀರದಂತೆ, ಹೊರಗೆ ಹೋಗಿಬರಬಹುದಂತೆ, ಒಂದು ದಿನ ಹೆಚ್ಚಾದರೂ ಎಣಿಕೆ ಮತ್ತೆ ಮೊದಲಿನಿಂದ. ಬಾಣಂತನ ಮೂವತ್ತು ದಿನ, ದಾರಿಗೇ ಹೋಗಿಬರಲು ನಾಲ್ಕು. ನಾನು ಹತ್ತು ಸಲ ಲೆಕ್ಕ ಹಾಕಿದೆ, ಕೂಡುವುದಿಲ್ಲ. ಆದರೂ ಇಪ್ಪತ್ತು ದಿನಕ್ಕಾದರೂ ಬಂದು ಮಗುವಿನ ಮುಖ ನೋಡಿ ಹೋಗೋಣ ಅಂತ ಆಸೆ ಇತ್ತು. ಪಾಸ್‌ಪೋರ್ಟ್ ಎಲ್ಲಿ ಇಟ್ಟೆನೋ, ವಾರದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನನ್ನ ಆರೋಗ್ಯದ ಚಿಂತೆ ಬೇಡ, ಚೆನ್ನಾಗಿಯೇ ಇದ್ದೇನೆ.

ಎಳ್ಳೆಣ್ಣೆಯಲ್ಲಿ ಶುಂಠಿ ಕಂದು ಬಣ್ಣಕ್ಕೆ ಬರುವ ತನಕ ಹುರಿದು, ಆಮೇಲೆ ಕೋಳಿ ಹಾಕು. ತಣ್ಣೀರು ಮುಟ್ಟಬೇಡ, ಗಾಳಿಗೆ ತಲೆ ಕೊಡಬೇಡ. ಇದನ್ನೆಲ್ಲ ನಾನು ಎದುರು ನಿಂತು ಬೈದು ಮಾಡಿಸಬೇಕಿತ್ತು. ನನ್ನನ್ನು ಕ್ಷಮಿಸು, ಮಗಳೇ.

ನಿನ್ನ ಫೋನಿಗಾಗಿ ಕಿವಿ ತೆರೆದುಕೊಂಡಿರುವ
ಅಮ್ಮ, ಲಿ-ಚೂ

ಮರೆತ ಮಾತು: ಯಿ-ರೊ, ಇದು ನಾನು, ನಿಮ್ಮತ್ತೆ ಚಿನ್-ಯೆ. ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟಳು, ನಾನು ಬಿಚ್ಚಿ ಓದಿದೆ. ಮರೆತದ್ದು ಅವಳಲ್ಲ, ಮುಚ್ಚಿಟ್ಟಿದ್ದಾಳೆ. ಚೆನ್ನಾಗಿದ್ದೀನಿ ಅಂತ ಬರೆದಿದ್ದಾಳಲ್ಲ, ಕಾಲು ಬಾತು ಚಪ್ಪಲಿ ಹಿಡಿಸ್ತಿಲ್ಲ, ನಿಮ್ಮ ಮಾವನ ಚಪ್ಪಲಿ ಹಾಕ್ಕೊಂಡು ಓಡಾಡ್ತಾಳೆ. ಡಯಾಲಿಸಿಸ್ ಇಲ್ದೆ ಕಾರ್ಡ್ ಬರೋ ತನಕ ತಡೀಬಹುದು, ವಿಮಾನ ಹತ್ತಿಸಿದ್ರೆ ತಡಿಯಲ್ಲ ಅಂದ್ರು ಡಾಕ್ಟ್ರು. ಅಷ್ಟಾದ್ರೂ ಹೋದ ವಾರ ನಂಗೆ ಹೇಳ್ದೆ ಪೇಟೆಗೆ ಹೋಗಿ ಟಿಕೆಟ್ ವಿಚಾರಿಸಿ ಬಂದಿದ್ದಾಳೆ. ಪಾಸ್‌ಪೋರ್ಟ್ ಕಳೆದಿಲ್ಲ, ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಮೇ ಐದರ ತನಕ ಅಲ್ಲೇ ಇರುತ್ತೆ.

ಬಾಣಂತನಕ್ಕೆ ನಾನು ಬರ್ತೀನಿ. ಫೋಟೋ ತೆಗೆಸಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟಾಗಿದೆ. ಸೊಪ್ಪು ಎರಡು ಸಲ ಬೇಯಿಸೋದು ನಿಮ್ಮ ಮಾವನಿಗೆ ಕಲಿಸ್ತಾ ಇದ್ದೀನಿ, ಇಲ್ಲಿಗೆ ಎರಡು ಸಲ ಸೀಯಿಸಿದ್ದಾರೆ. ಅರವತ್ತೆರಡು ವರ್ಷದಲ್ಲಿ ಒಂದಿನಾನೂ ಈ ದ್ವೀಪ ಬಿಟ್ಟವಳಲ್ಲ ನಾನು. ಅಲ್ಲಿ ಒಂದಲ್ಲ, ಎರಡು ತಿಂಗಳು ಕೂತ್ರೂ ನನ್ನ ದಿನ ಯಾರೂ ಎಣಿಸಲ್ಲ. ನೀನು ಮಾತ್ರ ಇದನ್ನ ಓದಿದ ಕೂಡಲೇ ನಿಮ್ಮಮ್ಮನಿಗೆ ಫೋನ್ ಮಾಡು. ಯಾರ ಮನೆ ಫೋನ್ ಬಡ್ಕೊಂಡ್ರೂ ಕೈ ಒರೆಸಿಕೊಂಡು ಏಳ್ತಾಳೆ.