ಎಷ್ಟನೇ ಜ್ವರ

ರಾಮನಗರ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಮನು,

ಹೇಗಿದ್ದೀಯ? ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ಕಾಲಿನ ಸೆಳೆತ ಕಡಿಮೆಯಾಗಿದೆಯೇ? ನಿದ್ದೆ ಬರುತ್ತಿದೆಯೆಂದು ಆಪ್ತಸಮಾಲೋಚಕಿ ಶ್ವೇತ ಅವರು ಹೇಳಿದರು. ಇಲ್ಲಿ ನಾವು ಆರೋಗ್ಯ. ಅಮ್ಮ ನಿನ್ನ ಸ್ವೆಟರ್ ಒಗೆದು ಇಸ್ತ್ರಿ ಮಾಡಿಟ್ಟಿದ್ದಾಳೆ. ಸ್ವೆಟರಿಗೆ ಇಸ್ತ್ರಿ ಏಕೆಂದು ನಾನು ಕೇಳಲಿಲ್ಲ.

ನಿನ್ನ ಚೀಟಿ ತಲುಪಿತು. ‘ಹದಿನೆಂಟು ತುಂಬಿರುವುದರಿಂದ ನನ್ನ ಸಹಿಯೊಂದೇ ಸಾಕು, ಭಾನುವಾರ ಹೊರಡುತ್ತೇನೆ, ಕಾರು ತನ್ನಿ’ ಎಂದು ಬರೆದಿದ್ದೀಯ. ವಿಚಾರಿಸಿದೆ. ನೀನು ಹೇಳಿದ್ದು ಸರಿ. ತಡೆಯುವ ಅಧಿಕಾರ ನನಗಿಲ್ಲ. ಆದರೆ ಮೈಯ ನಡುಕ ನಿಂತರೂ ಮಾತ್ರೆಯ ಮೇಲಿನ ಆಸೆ ನಿಂತಿರುವುದಿಲ್ಲ, ಈಗ ಹೊರಬಂದು ಹಳೆಯ ಪ್ರಮಾಣದಲ್ಲೇ ನುಂಗಿದರೆ ದೇಹ ತಾಳುವುದಿಲ್ಲ ಎಂದು ಶ್ವೇತ ಅವರು ಎಚ್ಚರಿಸಿದರು. ರೇಷ್ಮೆ ನೂಲು ಬಿಚ್ಚುವ ಯಂತ್ರಗಳಲ್ಲಿ ಯಾವ ಭಾಗ ಎಷ್ಟು ಹೊರೆ ತಾಳುತ್ತದೆಂದು ನಾನು ಹೇಳಬಲ್ಲೆ. ನಿನ್ನ ವಿಷಯದಲ್ಲಿ ನನ್ನ ಬಳಿ ಅಂಥ ಅಳತೆಯಿಲ್ಲ. ಹೆದರಿಕೆಯಾಗುತ್ತಿದೆ. ಲೋಕೇಶ್ ಬೇರೆ ನಮ್ಮ ಗೇಟಿನ ಬಳಿ ಬೈಕ್ ನಿಲ್ಲಿಸಿಕೊಂಡು, ‘ಮನು ಯಾವಾಗ್ ಬತ್ತಾನೆ ಅಂಕಲ್?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದಾನೆ. ಮೊದಲ ಮಾತ್ರೆ ಕೊಟ್ಟವನು ಅವನೇ ಎಂದು ನೀನೇ ಹೇಳಿದ್ದೆ. ಗದರಿ ಕಳಿಸಿದ್ದೇನೆ.

ಮಾಗಡಿಯ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದ ಹೊಸತರಲ್ಲಿ ನೀನು ಕಬ್ಬಾಳಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ, ‘ಜ್ವರ ಕಣಜ್ಜಿ, ಮೈಯೆಲ್ಲಾ ನಡುಗ್ತೈತೆ, ಬಂದು ಕರ್ಕೊಂಡೋಗು’ ಎಂದು ಅತ್ತಿದ್ದೆ. ನೀನು ಹಾಸ್ಟೆಲಿನಲ್ಲಿರುವೆ ಎಂದಷ್ಟೇ ಅಜ್ಜಿಗೆ ನಾವು ತಿಳಿಸಿದ್ದೆವು. ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು ತಮಾಷೆಗೆ, ‘ಎಷ್ಟ್ನೇ ಜ್ವರಾಲಾ?’ ಎಂದುಬಿಟ್ಟಳು. ಅವಳು ನಕ್ಕಳೆಂದು ನಿನಗೆ ಇನ್ನೂ ಸಿಟ್ಟು. ನಿನ್ನೆ ಹೋಗಿ ಎಲ್ಲವನ್ನೂ ಹೇಳಿದೆ. ಆಮೇಲೆ ಬೈಗುಳ ನನಗೇ: ‘ಮೊಮ್ಮಗಂಗೆ ಹಿಂಗಾಗೈತೆ ಅಂತ ಹೇಳಾಕೆ ನಿಂಗೆ ಬಾಯಿರ್ನಿಲ್ವಾ? ನಾನೇನ್ ಊರ್ ತುಂಬಾ ಡಂಗೂರ ಹೊಡೀತಿದ್ನಾ?’

ಕಾರು ಒಯ್ಯಲೇ ಎಂದು ಕೇಳಿದ್ದಕ್ಕೆ ಹುಳುವಿನ ತಟ್ಟೆ ತೋರಿಸಿದಳು. ಹುಳುಗಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತಿದ್ದವು. ನಾಲ್ಕು ಸಲ ಪೊರೆ ಬಿಡುವ ಹುಳುವಿನ ಆ ಸ್ಥಿತಿಯನ್ನು ನಮ್ಮವರು ಮೊದಲನೇ ಜ್ವರ, ಎರಡನೇ ಜ್ವರ ಎಂದು ಎಣಿಸುವುದು ನಿನಗೂ ಗೊತ್ತು. ‘ಜ್ವರಕ್ಕೆ ಕೂತಿರೋ ಹುಳಾನ ಯಾರಾರ ಎತ್ತಾರೇನ್ಲಾ, ಅದಕ್ಕೆ ಬೇಜಾರಾಗೈತೆ ಅಂತ? ಪೊರೆ ಬುಡೋಗಂಟ ಮುಟ್‌ಬ್ಯಾಡ. ನೀನೂ ಒಸಿ ಸುಮ್ಕೆ ಕೂತ್ಕೊ.’

ಆದ್ದರಿಂದ ಕಾರು ತರುವುದಿಲ್ಲ. ಭಾನುವಾರ ಬಸ್ಸಿನಲ್ಲಿ ಬರುತ್ತೇನೆ, ನಿನ್ನನ್ನು ನೋಡಲು, ಕರೆತರಲು ಅಲ್ಲ. ಸಹಿ ಹಾಕಬೇಡವೆಂದು ಕೇಳಿಕೊಳ್ಳುತ್ತಿದ್ದೇನೆ. ಶ್ವೇತ ಅವರು ನಾಳೆ ಬೆಳಿಗ್ಗೆ ಮಾಗಡಿಗೆ ಹೊರಡುವಾಗ ಈ ಪತ್ರವನ್ನು ತರುತ್ತಾರೆ.

ಕಬ್ಬಾಳಮ್ಮ ನಿನ್ನನ್ನು ಕಾಯಲಿ ಎಂದು ಅಜ್ಜಿ ಬರೆಯಹೇಳಿದ್ದಾಳೆ. ನನ್ನ ಹಾರೈಕೆಯೂ ಅದೇ.

ನಿನ್ನ ಅಪ್ಪ,
ದೇವರಾಜು

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಲೋಕೇಶ್ ಮತ್ತೆ ಬಂದ. ಬೈಕ್ ಇಲ್ಲ, ನಡೆದೇ ಬಂದಿದ್ದಾನೆ. ಜಗಲಿಯಲ್ಲಿ ಕೂತು ನಡುಗುತ್ತಿದ್ದಾನೆ. ಅಮ್ಮ ನಿನ್ನ ಸ್ವೆಟರನ್ನೇ ತೊಡಿಸಿದ್ದಾಳೆ, ನಿನಗೆ ಬೇರೆ ತರುತ್ತೇನೆ. ‘ನನ್ನೂ ಅಲ್ಲಿಗೆ ಸೇರ್ಸಿ ಅಂಕಲ್, ನಮ್ಮಪ್ಪಂಗೆ ನೀವೇ ಹೇಳಿ’ ಎನ್ನುತ್ತಿದ್ದಾನೆ. ಅವನ ತಂದೆ ಮುನಿಯಪ್ಪನವರಿಗೆ ಹೇಳಿಕಳಿಸಿದ್ದೇನೆ. ಇಂದು ಆಸ್ಪತ್ರೆಗೆ ತೋರಿಸಿ, ಭಾನುವಾರ ಕರೆತನ್ನಿ ಎಂದು ಶ್ವೇತ ಅವರು ಫೋನಿನಲ್ಲಿ ಹೇಳಿದರು. ಅಜ್ಜಿಯ ಲೆಕ್ಕದಲ್ಲಿ ಇವನದು ಮೊದಲನೇ ಜ್ವರ. ಒಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾನೆ: ‘ಮನು ಇನ್ನೂ ಒಳಗೇ ಅವ್ನಾ?’ ‘ಅವ್ನೆ ಕಣಪ್ಪ’ ಎಂದಿದ್ದೇನೆ. ಭಾನುವಾರ ನಾವು ಬಂದಾಗ ನೀನು ಚೀಲ ಹಿಡಿದು ಗೇಟಿನಲ್ಲಿ ನಿಂತಿರಬೇಡ.