ಕಂಡಕ್ಟರ್ ರೇಣವ್ವ ಕುಡಿಯದ ನೀರು

ಬಾಗಲಕೋಟೆ
ಇಸವಿ ೨೨೩೧, ಫೆಬ್ರವರಿ ೩೦

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. 'ತಳಬಲ' ಅಂಥದ್ದೊಂದು ಪದ. ಗರ್ಭಕೋಶ, ಮೂತ್ರಕೋಶ, ಕರುಳಿನ ಕೊನೆ ಇವನ್ನೆಲ್ಲ ಕೆಳಗಿನಿಂದ ಜೋಳಿಗೆಯಂತೆ ಎತ್ತಿ ಹಿಡಿದಿರುವ ಸ್ನಾಯುಗಳಿಗೆ ನಾವು ಹಾಗೆನ್ನುತ್ತೇವೆ. ಇಲ್ಲಿ ಶಾಲೆಯ ಮಕ್ಕಳಿಗೂ ಅದು ಗೊತ್ತು. ಮನೆಯಲ್ಲಿ ನಾಚದೆ ಆಡಬಹುದಾದ ಇಂಥ ಒಂದು ಪದವೂ ನಿಮ್ಮಲ್ಲಿರಲಿಲ್ಲವೆಂದು ತಿಳಿದಾಗಲೇ ನಿಮ್ಮ ಕಾಲದ ಬಗ್ಗೆ ನನಗೆ ಮೊದಲು ಹೇಸಿಗೆಯಾದದ್ದು.

ನಾನು ಇರಾವತಿ ಕಟ್ಟೀಮನಿ, ತಳಬಲದ ಸಂಶೋಧಕಿ. ನಮ್ಮಲ್ಲಿ ಹೆರಿಗೆಯಾದ ಪ್ರತಿ ಮನೆಗೂ 'ಬಾಣಂತಿಗೆಳತಿ' ಬರುತ್ತಾಳೆ. ಅವಳು ಮೊದಲು ಹೋಗುವುದು ತೊಟ್ಟಿಲ ಬಳಿಗಲ್ಲ, ತಾಯಿಯ ಬಳಿಗೆ. ಸ್ನಾಯು ಎಲ್ಲಿ ಹರಿದಿದೆ, ಎಷ್ಟು ಸಡಿಲಾಗಿದೆ ಎಂದು ನೋಡಿ, ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸುತ್ತಾಳೆ. ಅಷ್ಟರಲ್ಲಿ ಮಾವನವರು ಅಡುಗೆಮನೆಯಲ್ಲಿ ಅಂಟಿನುಂಡೆ ಕಟ್ಟುತ್ತಿರುತ್ತಾರೆ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ನೀವೂ ಮಾಡಬಹುದಿತ್ತು.

ಹಳೆಯ ದನಿಗಳನ್ನು ಕಾಪಿಡುವ 'ದನಿಗೂಡು' ನಮ್ಮೂರಲ್ಲಿದೆ. ನಿಮ್ಮ ಕಾಲದ ಸಂಶೋಧಕಿ ಡಾ. ಶಾಂಭವಿ ಅರಳಿಕಟ್ಟಿ ಮುಪ್ಪಿನಲ್ಲಿ ಆಡಿದ ಮಾತುಗಳನ್ನು ನಾನು ಅಲ್ಲಿ ಕೇಳಿದೆ. ಅವರು ಬಸುರಿಯರ ಆರೋಗ್ಯದ ಮೇಲೆ ಕೆಲಸ ಮಾಡುತ್ತಿದ್ದವರು. ಅವರ ಆಸ್ಪತ್ರೆಗೆ ರೇಣವ್ವ ಎಂಬ ಬಸ್ ಕಂಡಕ್ಟರ್ ಏಳು ತಿಂಗಳಿಗೇ ನೋವು ಬಂದು ದಾಖಲಾದಳು. ಕೂಸು ಉಳಿಯಲಿಲ್ಲ. ಮೂತ್ರದ ಸೋಂಕು ಏರಿ ಜ್ವರ ಬಂದಿದ್ದರೂ ಅವಳು ಯಾರಿಗೂ ಹೇಳಿರಲಿಲ್ಲ.

ಮೊದಲ ಹೆರಿಗೆಯಲ್ಲೇ ಅವಳ ತಳಬಲ ಹರಿದಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಮೂತ್ರ ಸೋರುತ್ತಿತ್ತು. ಹಳೆ ಸೀರೆಯ ಚೂರು ಮಡಚಿಟ್ಟುಕೊಂಡು, ವಾಸನೆ ಬಡಿದೀತೆಂದು ಪ್ರಯಾಣಿಕರಿಂದ ಸರಿದು ನಿಂತು ಟಿಕೆಟ್ ಕೊಡುತ್ತಿದ್ದಳು. ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಸದಾ ಬೀಗ. ಹಾಗಾಗಿ ಬಸುರಿಯಾದ ಮೇಲೂ ಡ್ಯೂಟಿ ಮುಗಿಯುವವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ಒಮ್ಮೆ ಅತ್ತೆಯ ಹತ್ತಿರ ಹೇಳಿಕೊಂಡಳಂತೆ. "ಹಡದಾಕಿಗೆ ಇದೆಲ್ಲಾ ಇರೂದ. ನಾವೇನ ಊರತುಂಬ ಸಾರಿಕೊಂತ ಅಡ್ಡಾಡಿವೇನು?" ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಶಾಂಭವಿ ಇಂಥ ತಾಯಂದಿರ ಬಗ್ಗೆ ಅಧ್ಯಯನ ಮಾಡಲು ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಕೇಳಿದರು. ಅಧ್ಯಕ್ಷರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ನಕ್ಕರು. "ಉಚ್ಚೆ ಮೇಲೆ ಸಂಶೋಧನೆಯೇನ್ರಿ ಡಾಕ್ಟ್ರೇ? ಮರ್ಯಾದೆಯ ವಿಷಯ ಯಾವುದಾದರೂ ತಗೊಳ್ಳಿ." ಉಳಿದವರೂ ನಕ್ಕರು. ಮುಂದಿನ ಸಭೆಗೆ ಶಾಂಭವಿ ಜೊತೆಗೆ ರೇಣವ್ವನೂ ಬಂದಳು, ಅವಳಾಗಿಯೇ ಒಪ್ಪಿ. ಒಬ್ಬರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಮುಚ್ಚಿಕೊಳ್ರೀ ಸರ," ಎಂದಳು ರೇಣವ್ವ. "ನನ್ನ ಕೂಸು ಮಣ್ಣಿಗೆ ಹ್ವಾದ ದಿನಾನೂ ನಾ ಇದ ವಾಸನ್ಯಾಗ ಕುಂತಿದ್ದೆ."

ಅಧ್ಯಕ್ಷರು ಗಡಿಯಾರ ನೋಡಿ, ಮುಂದಿನ ವಿಷಯಕ್ಕೆ ಹೋದರು. ನಾನು ಅಲ್ಲಿಗೆ ದನಿಯನ್ನು ನಿಲ್ಲಿಸಿ, ರೇಣವ್ವನ ಆ ಮಾತನ್ನು ಬರೆದಿಟ್ಟುಕೊಂಡೆ.

ಶಾಂಭವಿ ಬಿಡಲಿಲ್ಲ. ಡಿಪೊದ ವಿಶ್ರಾಂತಿ ಕೋಣೆಯಲ್ಲಿ ಚಾಪೆ ಹಾಸಿ ರೇಣವ್ವನಿಂದಲೇ ಶುರುಮಾಡಿದರು. ಜಾರಿದ ಗರ್ಭಕೋಶಕ್ಕೆ ಆಸರೆಯಾಗಿ ಒಳಗೆ ಒಂದು ಮೆತ್ತನೆಯ ಉಂಗುರ ಇಟ್ಟರು, ವ್ಯಾಯಾಮ ಕಲಿಸಿದರು. ಕೆಲವು ತಿಂಗಳಲ್ಲಿ ಸೋರುವುದು ಬಹಳಷ್ಟು ಕಡಿಮೆಯಾಯಿತು. ಡಿಪೊದ ಹೆಂಗಸರೆಲ್ಲ ಸೇರಿ ಶೌಚಾಲಯದ ಬೀಗ ಒಡೆದರು. ರೇಣವ್ವ ನೀರಿನ ಬಾಟಲಿ ಹಿಡಿದು ಡ್ಯೂಟಿಗೆ ಹೋಗತೊಡಗಿದಳು. ಒಂದು ದಿನ ಅವಳ ಅತ್ತೆ ಬಂದು ಬಾಗಿಲಲ್ಲೇ ನಿಂತರು. "ನಂದೂ ಒಂದೀಟು ನೋಡವಾ," ಎಂದರು. ಆ ಮುದುಕಿ ಮೂವತ್ತು ವರ್ಷದಿಂದ ಜಾರಿದ ಗರ್ಭಕೋಶವನ್ನು ಕೈಯಲ್ಲೇ ಒಳಗೆ ತಳ್ಳಿಕೊಂಡು ಬದುಕಿದ್ದರು. ಆ ಅಧ್ಯಯನದಿಂದಲೇ ನಮ್ಮ ವಿದ್ಯೆ ಹುಟ್ಟಿತು. ಕೂಸು ಮಾತ್ರ ಹೋದದ್ದು ಹೋಯಿತು.

ಈ ತಿಂಗಳು ನಮ್ಮಲ್ಲಿ ನಿಮ್ಮ ಕಾಲದ ಪ್ರದರ್ಶನವೊಂದಿದೆ, ಹೆಸರು 'ತ್ಯಾಗಮಯಿ ತಾಯಂದಿರ ಯುಗ'. ನಾಲ್ಕು ಸಾಲು ಬರೆದುಕೊಡಿ ಎಂದು ಅದನ್ನು ನಡೆಸುವವರು ಕೇಳಿದರು. ರೇಣವ್ವ ಸಭೆಯಲ್ಲಿ ಆಡಿದ ಮಾತನ್ನೇ ಬರೆದುಕೊಟ್ಟೆ. ನೋಡುವವರಿಗೆ ಅಸಹ್ಯವಾಗುತ್ತದೆಂದು ವಾಪಸು ಕಳಿಸಿದರು. ಅಸಹ್ಯವಾಗಲೆಂದೇ ಕೊಟ್ಟಿದ್ದೆ. ಅದು ತ್ಯಾಗವಾಗಿರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೇ.

ಆದ್ದರಿಂದ ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲರೂ ಮಗುವಿನ ಮೂಗು ಯಾರ ಹಾಗಿದೆಯೆಂದು ನೋಡುತ್ತಿರುವಾಗ, ಒಬ್ಬರಾದರೂ ತಾಯಿಯ ಪಕ್ಕ ಕೂತು, ಕೆಮ್ಮಿದರೆ ಸೋರುತ್ತದೆಯೇ, ಕೆಳಗೆ ಭಾರವೆನಿಸುತ್ತದೆಯೇ ಎಂದು ಕೇಳಿ. ಅವಳು ಮುಖ ತಿರುಗಿಸಿದರೆ ಎದ್ದು ಹೋಗಬೇಡಿ. ಹೇಳುವವರೆಗೂ ಅಲ್ಲೇ ಕೂತಿರಿ.

ಇಂತಿ, ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ,
ಇರಾವತಿ